ವಿನ್‌ಸ್ಟನ್ ಹೇಡಿಯಾ?

ಪ್ರಶ್ನೆ: ಮಡಿಕೇರಿಯಲ್ಲಿ ಬಿ.ಎ. ಓದುತ್ತಿದ್ದೇನೆ. ಜಾರ್ಜ್ ಆರ್ವೆಲ್ ಅವರ ‘1984’ ಕಾದಂಬರಿಯ ವಿನ್‌ಸ್ಟನ್ ಸ್ಮಿತ್ ಬಗ್ಗೆ ಸೆಮಿನಾರ್ ಕೊಡಬೇಕು. 1837ರಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ನಮ್ಮ ಕೋಟೆ ಎದುರೇ ಗಲ್ಲಿಗೇರಿಸಿದರು. ಅಂಥವರ ಕಥೆ ಕೇಳಿ ಬೆಳೆದ ನನಗೆ ವಿನ್‌ಸ್ಟನ್ ಹೇಡಿ ಅನಿಸುತ್ತಾನೆ. ಪ್ರೀತಿಸಿದ ಜೂಲಿಯಾಳನ್ನೂ ಕೊನೆಗೆ ಬಿಟ್ಟುಕೊಡುತ್ತಾನೆ. ಅವನಲ್ಲಿ ಬಂಡಾಯಗಾರನ ಗುಣ ಏನಿದೆ, ಮೇಡಂ?

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ವಿನ್‌ಸ್ಟನ್ ಕೋವಿ ಹಿಡಿಯುವ ಆಳಲ್ಲ. ವಯಸ್ಸು 39, ಕಾಲಲ್ಲಿ ವಾಸಿಯಾಗದ ಹುಣ್ಣು. ಏಳನೇ ಮಹಡಿಯ ಮನೆಗೆ ಹತ್ತುವಾಗ ಅಲ್ಲಲ್ಲಿ ನಿಂತು ಸುಧಾರಿಸಿಕೊಳ್ಳುತ್ತಾನೆ.

ಆದರೆ ಡೈರಿ ಬರೆಯುವ ಭಾಗವನ್ನು ನಿಧಾನವಾಗಿ ಓದಿ. ಮನೆಯೊಳಗೇ ಸರ್ಕಾರದ ಕಾವಲು ಪರದೆ, ಟೆಲಿಸ್ಕ್ರೀನ್ ಇದೆ. ಅದು ನೋಡುತ್ತದೆ, ಕೇಳಿಸಿಕೊಳ್ಳುತ್ತದೆ. ಅದರ ಕಣ್ಣಿಗೆ ಬೀಳದ ಒಂದು ಸಂದಿನಲ್ಲಿ ಕೂತು, ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡ ಪುಸ್ತಕ ತೆರೆಯುತ್ತಾನೆ. 1984, ಏಪ್ರಿಲ್ 4 ಎಂದು ಬರೆಯುತ್ತಾನೆ. ಬರೆದ ಮೇಲೆ, ಇದು ನಿಜಕ್ಕೂ 1984ನೇ ಇಸವಿಯೇ ಎಂಬ ಅನುಮಾನ ಬರುತ್ತದೆ! ಇಸವಿ ಕೂಡ ಖಾತ್ರಿಯಿಲ್ಲದ ಕಡೆ, ಕಣ್ಣಾರೆ ಕಂಡದ್ದನ್ನು ಮರೆಯುವುದಿಲ್ಲ ಎಂದು ಹಟ ಹಿಡಿಯುತ್ತಾನಲ್ಲ, ಅದೇ ಅವನ ಬಂಡಾಯ. ಸಿಕ್ಕಿಬಿದ್ದರೆ ಸಾವು ಅಂತ ಗೊತ್ತಿದ್ದೇ ಬರೆಯುತ್ತಾನೆ.

ಹಾಗಂತ ಸೆಮಿನಾರಿನಲ್ಲಿ ಅವನನ್ನು ಸಾಧು ಮಾಡಬೇಡಿ. ಹಳೆ ಪತ್ರಿಕೆಗಳನ್ನು ಸರ್ಕಾರಕ್ಕೆ ಬೇಕಾದಂತೆ ತಿದ್ದುವುದೇ ಅವನ ಕೆಲಸ. ಆ ಕೆಲಸ ಅವನಿಗೆ ಇಷ್ಟ ಬೇರೆ. ಓಗಿಲ್ವಿ ಎಂಬ ಇಲ್ಲದ ವೀರನನ್ನು ಕೂತಲ್ಲೇ ಸೃಷ್ಟಿಸುತ್ತಾನೆ. ಹೋರಾಟಕ್ಕೆ ಬೇಕಾದರೆ ಮಗುವಿನ ಮುಖಕ್ಕೆ ಆ್ಯಸಿಡ್ ಎರಚುತ್ತೀಯಾ ಎಂದು, ಆಳುವ ಪಾರ್ಟಿಯ ದೊಡ್ಡ ಅಧಿಕಾರಿಯಾಗಿದ್ದೂ ಬಂಡಾಯಗಾರನಂತೆ ನಟಿಸುವ ಓಬ್ರಿಯನ್ ಕೇಳಿದಾಗ, ಹೂಂ ಅನ್ನುತ್ತಾನೆ. ಮುಂದೆ ಸೆರೆಯಲ್ಲಿ ಅದೇ ಮಾತಿನ ರೆಕಾರ್ಡಿಂಗನ್ನು ಓಬ್ರಿಯನ್ ಅವನಿಗೇ ಕೇಳಿಸುತ್ತಾನೆ.

ಈ ಓಬ್ರಿಯನ್‌ನನ್ನು ಅವನು ನಂಬಿದ್ದಾದರೂ ಯಾಕೆ? ಒಂಟಿತನ. ನನ್ನ ಪ್ರಕಾರ ವಿನ್‌ಸ್ಟನ್‌ನ ದೊಡ್ಡ ದೌರ್ಬಲ್ಯ ಭಯವಲ್ಲ, ಇದು. ತನ್ನಂತೆ ಯೋಚಿಸುವವನು ಇನ್ನೊಬ್ಬ ಇದ್ದಾನೆ ಅನ್ನೋ ಆಸೆಗೆ, ಬರೀ ಒಂದು ನೋಟವನ್ನೇ ಪುರಾವೆ ಅಂದುಕೊಂಡುಬಿಡುತ್ತಾನೆ.

ಈಗ ಅಪ್ಪಯ್ಯ ಗೌಡರ ವಿಷಯ. ಅವರ ಜೊತೆ ಜನ ಇದ್ದರು. ಗಲ್ಲಿಗೇರಿಸಿದ್ದನ್ನು ಕಂಡವರಿದ್ದರು. ಅದಕ್ಕೇ ಇವತ್ತಿಗೂ ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ. ಓಬ್ರಿಯನ್‌ನ ಪಾರ್ಟಿ ತಡೆಯುವುದು ಇದನ್ನೇ. ಹಿಂದಿನವರು ಬಂಡಾಯಗಾರರನ್ನು ಬಹಿರಂಗವಾಗಿ ಕೊಂದು ಹುತಾತ್ಮರನ್ನಾಗಿ ಮಾಡಿದರು, ನಾವು ಆ ತಪ್ಪು ಮಾಡುವುದಿಲ್ಲ, ಮೊದಲು ಮನಸ್ಸು ಬದಲಿಸಿ ಆಮೇಲೆ ಕೊಲ್ಲುತ್ತೇವೆ ಎಂದು ಅವನೇ ವಿವರಿಸುತ್ತಾನೆ. ಹಾಗಾಗಿ ಚಿತ್ರಹಿಂಸೆಯ 101ನೇ ಕೋಣೆಯಲ್ಲಿ, ಇಲಿಗಳ ಪಂಜರದ ಮುಂದೆ, ‘ನನಗಲ್ಲ, ಜೂಲಿಯಾಗೆ ಮಾಡಿ’ ಎಂದು ವಿನ್‌ಸ್ಟನ್ ಕಿರುಚಿದ ಮಾತಿನಿಂದ ಅವನ ಸ್ವಭಾವ ಅಳೆಯುವುದು ನ್ಯಾಯವಲ್ಲ ಅಲ್ವಾ? ಧೈರ್ಯಸ್ಥೆ ಜೂಲಿಯಾ ಕೂಡ ಅವನನ್ನು ಬಿಟ್ಟುಕೊಟ್ಟಿರುತ್ತಾಳೆ. ಕೊನೆಗೆ ಭೇಟಿಯಾದಾಗ ಇಬ್ಬರೂ ಅದನ್ನು ಒಪ್ಪಿಕೊಳ್ಳುತ್ತಾರೆ.

ಹೋಲಿಕೆಗೆ ಪಕ್ಕದ ಮನೆಯ ಪಾರ್ಸನ್ಸ್‌ನನ್ನು ತೆಗೆದುಕೊಳ್ಳಿ. ಅವನನ್ನು ಹಿಡಿದುಕೊಟ್ಟದ್ದು ಸ್ವಂತ ಪುಟ್ಟ ಮಗಳು. ಆದರೂ ಸೆರೆಮನೆಯಲ್ಲಿ ಕೂತು ಅವಳ ಬಗ್ಗೆ ಹೆಮ್ಮೆ ಪಡುತ್ತಾನೆ. ಆ ಪುಟವನ್ನು ಡೈರಿಯ ಪುಟದ ಜೊತೆಗಿಟ್ಟು ತರಗತಿಯಲ್ಲಿ ಓದಿಸಿ. ಅಲ್ಲಿಂದಲೇ ಚರ್ಚೆ ಶುರುವಾಗುತ್ತದೆ.