ಮಲ್ಪೆಯ ಉಪ್ಪುಮೀನಿನಲ್ಲಿ ಸಿಕ್ಕ ಸೂಕ್ಷ್ಮಜೀವಿ ಹೊಸ ಪ್ರಭೇದವೇ ಎಂದು ಹೇಗೆ ತಿಳಿಯುವುದು?

ಬಣ್ಣ, ಆಕಾರ ನೋಡಿ ಹೇಳಲು ಸಾಧ್ಯವೇ ಇಲ್ಲ. ನಮ್ಮ ಕರಾವಳಿಯಲ್ಲಿ ಉಪ್ಪು ಹಾಕಿ ಒಣಗಿಸಿದ ಮೀನು ಕೆಲವೊಮ್ಮೆ ನಸುಗೆಂಪಾಗುತ್ತದಲ್ಲ, ಅದಕ್ಕೆ ಸಾಮಾನ್ಯ ಕಾರಣ ಉಪ್ಪುಪ್ರಿಯ ಆರ್ಕಿಯಾಗಳು, ಅಂದರೆ ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ಗುಂಪಿಗೆ ಸೇರಿದ ಏಕಕೋಶ ಜೀವಿಗಳು. ಸಮುದ್ರದ ನೀರಿನಲ್ಲಿ ಉಪ್ಪು ಸುಮಾರು 3.5%, ಇವುಗಳಲ್ಲಿ ಹೆಚ್ಚಿನವಕ್ಕೆ 20–25% ಇದ್ದರೆ ಹಿತ. ಅಷ್ಟೇ ಉಪ್ಪಿನ ಅಗಾರ್ ತಟ್ಟೆಯಲ್ಲಿ (ಸೂಕ್ಷ್ಮಜೀವಿ ಬೆಳೆಸುವ ಜೆಲ್ಲಿಯ ತಟ್ಟೆ) ಬೆಳೆಸಿ, ವಾರಗಟ್ಟಲೆ ಕಾಯಿರಿ. ಬರೀ ನೀರು ತಾಗಿಸಬೇಡಿ, ಕೋಶಗಳು ಒಡೆದುಹೋಗುತ್ತವೆ.

ಶುದ್ಧ ತಳಿ ಸಿಕ್ಕ ಮೇಲೆ 16ಎಸ್ ಆರ್‌ಆರ್‌ಎನ್‌ಎ ಜೀನ್ (ಸೂಕ್ಷ್ಮಜೀವಿಗಳ ಗುರುತು ಹಚ್ಚಲು ಬಳಸುವ ಡಿಎನ್‌ಎ ಭಾಗ) ಓದಿಸಿ. ಗೊತ್ತಿರುವ ಹತ್ತಿರದ ಪ್ರಭೇದದೊಂದಿಗೆ ಹೋಲಿಕೆ 98.7%ಕ್ಕಿಂತ ಕಡಿಮೆಯಿದ್ದರೆ ಹೊಸದಿರುವ ಸಾಧ್ಯತೆ ಹೆಚ್ಚು. ದಯವಿಟ್ಟು ಇಲ್ಲಿಗೇ ನಿಲ್ಲಿಸಬೇಡಿ. ಈ ಗುಂಪಿನ ಕೆಲವು ಜೀವಿಗಳ ಒಂದೇ ಕೋಶದಲ್ಲಿ ಆ ಜೀನಿನ ಬೇರೆ ಬೇರೆ ಪ್ರತಿಗಳಿರುತ್ತವೆ, ಲೆಕ್ಕ ದಾರಿತಪ್ಪುತ್ತದೆ. ನನ್ನ ಪ್ರಕಾರ ನಿಜವಾದ ತೀರ್ಪು ಇಡೀ ಜೀನೋಮಿನದ್ದೇ, ಅಂದರೆ ಜೀವಿಯ ಪೂರ್ತಿ ಡಿಎನ್‌ಎಯದ್ದೇ: ಹತ್ತಿರದ ಪ್ರಭೇದದ ಜೀನೋಮಿನೊಂದಿಗೆ ಸರಾಸರಿ ನ್ಯೂಕ್ಲಿಯೋಟೈಡ್ (ಡಿಎನ್‌ಎ ಅಕ್ಷರಗಳ) ಹೋಲಿಕೆ 95–96%ಕ್ಕಿಂತ ಕೆಳಗಿದ್ದರೆ ಬೇರೆ ಪ್ರಭೇದ ಎನ್ನಬಹುದು. ಜೊತೆಗೆ ಕೋಶದ ಪೊರೆಯ ಕೊಬ್ಬಿನಂಥ ಅಣುಗಳಾದ ಲಿಪಿಡ್‌ಗಳು, ಬೆಳೆಯುವ ಉಪ್ಪು ಮತ್ತು ಉಷ್ಣತೆಯ ಮಿತಿಗಳನ್ನೂ ವರದಿ ಮಾಡಬೇಕು.

ಹೆಸರು ಮಾನ್ಯವಾಗಲು ಆ ತಳಿಯನ್ನು ಎರಡು ಬೇರೆ ದೇಶಗಳ ಸೂಕ್ಷ್ಮಜೀವಿ ಸಂಗ್ರಹಗಳಲ್ಲಿ ಇಡಬೇಕು. ಭಾರತದಲ್ಲಿ ಚಂಡೀಗಢದ ಎಂಟಿಸಿಸಿ, ಪುಣೆಯ ಎಂಸಿಸಿ ಎಂಬ ಸಂಗ್ರಹಗಳಿವೆ.