ಗುವಾಂಗ್‌ಝೌಗೆ ಬರುವವರಿಗೆ: ಮೊದಲ ತಿಂಗಳ ಕೆಲಸ ಯಾವ ಸರದಿಯಲ್ಲಿ

ಬೆಂಗಳೂರಿನಿಂದ ಚೀನಾದ ಗುವಾಂಗ್‌ಝೌಗೆ ಕೆಲಸಕ್ಕೆ ಬರುತ್ತಿದ್ದೇನೆ, ಮೊದಲು ಏನೇನು ಮಾಡಿಕೊಳ್ಳಬೇಕು, ಸಸ್ಯಾಹಾರಿಗೆ ಊಟ ಸಿಗುತ್ತದಾ, ಮನೆಯವರ ಜೊತೆ ಮಾತಾಡುವುದು ಹೇಗೆ ಅಂತ ಕೇಳಿದ್ದೀರಿ. ಊಟಕ್ಕೆ ದಾರಿ ಇದೆ, ಆಮೇಲೆ ಹೇಳುತ್ತೇನೆ. ನಮ್ಮ ಕಡೆಯವರನ್ನು ಇಲ್ಲಿ ಹೆಚ್ಚು ಕಾಡುವುದು ಪಾಸ್‌ಪೋರ್ಟಿನಲ್ಲಿರುವ ಹೆಸರು.

ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ. ಇನಿಷಿಯಲ್ ಬಿಡಿಸಿ ಬರೆದ ಅಪ್ಪನ ಹೆಸರು ಅಥವಾ ಊರ ಹೆಸರು ಇರುತ್ತದೆ, ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇರುತ್ತದೆ. ಚೀನಾದಲ್ಲಿ ಸಿಮ್, ಬ್ಯಾಂಕ್ ಖಾತೆ, ಹಣ ಕಟ್ಟುವ ಅಲಿಪೇ ಆ್ಯಪ್, ಹಣ ಕಟ್ಟಲೂ ಮಾತಾಡಲೂ ಬಳಸುವ ವೀಚಾಟ್, ರೈಲು ಟಿಕೆಟ್ ಎಲ್ಲವೂ ಪಾಸ್‌ಪೋರ್ಟಿನ ಹೆಸರು ಮತ್ತು ನಂಬರಿನ ಮೇಲೆ ನಿಂತಿವೆ. ಸಿಮ್ ಕೊಡುವವರು ಹೆಸರನ್ನು ಹಿಂದುಮುಂದು ಮಾಡಿ, ಬ್ಯಾಂಕಿನವರು ನಡುವೆ ಜಾಗ ಬಿಡದೆ ಟೈಪ್ ಮಾಡಿದರೆ, ಕಾರ್ಡನ್ನು ವೀಚಾಟಿಗೆ ಸೇರಿಸುವ ಹೊತ್ತಿಗೆ 'ಮಾಹಿತಿ ಹೊಂದುತ್ತಿಲ್ಲ' ಎಂದು ನಿಂತುಬಿಡುತ್ತದೆ. ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗೆ ಯಂತ್ರ ಓದುವ ಎರಡು ಸಾಲುಗಳಿರುತ್ತವೆ. ಅಲ್ಲಿ ಹೆಸರು ಯಾವ ಕ್ರಮದಲ್ಲಿದೆಯೋ ಅದನ್ನೇ ಚೀಟಿಯಲ್ಲಿ ಬರೆದಿಟ್ಟುಕೊಂಡು ಪ್ರತಿ ಕೌಂಟರಿನಲ್ಲೂ ತೋರಿಸಿ. ಸಹಿ ಹಾಕುವ ಮುಂಚೆ ಪರದೆ ಮೇಲೆ ಅಕ್ಷರ ಅಕ್ಷರ ಓದಿ. ಅವರು ಅವಸರ ಮಾಡಿದರೂ ಬಿಡಬೇಡಿ, ಆಮೇಲೆ ತಿದ್ದಿಸಲು ಅದೇ ಶಾಖೆಗೆ ಮತ್ತೆ ಅಲೆಯಬೇಕಾಗುತ್ತದೆ. ಪಾಸ್‌ಪೋರ್ಟ್ ಅವಧಿ ಮುಗಿಯುತ್ತಾ ಬಂದಿದ್ದರೆ ಬೆಂಗಳೂರಿನಲ್ಲೇ ಹೊಸದು ಮಾಡಿಸಿಕೊಂಡು ಬನ್ನಿ. ಇಲ್ಲಿ ಬಂದಮೇಲೆ ನಂಬರ್ ಬದಲಾದರೆ ಪರ್ಮಿಟ್, ಬ್ಯಾಂಕ್, ಸಿಮ್, ಅಲಿಪೇ ಎಲ್ಲವನ್ನೂ ಒಂದೊಂದಾಗಿ ಬದಲಿಸಬೇಕು. ಅದಕ್ಕೆ ಹಳೆಯ ಪಾಸ್‌ಪೋರ್ಟನ್ನೂ ಕೇಳುತ್ತಾರೆ.

ಇಳಿದ 24 ಗಂಟೆಯೊಳಗೆ ಪೊಲೀಸರಲ್ಲಿ ವಾಸದ ನೋಂದಣಿ ಆಗಬೇಕು. ಹೋಟೆಲಿನಲ್ಲಿದ್ದರೆ ಹೋಟೆಲಿನವರೇ ಮಾಡುತ್ತಾರೆ, ಆದ್ದರಿಂದ ಮೊದಲ ಕೆಲವು ದಿನ ಹೋಟೆಲೇ ವಾಸಿ. ಬಾಡಿಗೆ ಮನೆಗೆ ಅಥವಾ ಸ್ನೇಹಿತರ ಮನೆಗೆ ಹೋದ ದಿನವೇ ಆ ಬಡಾವಣೆಯ ಠಾಣೆಗೆ, ಇಲ್ಲಿನವರು ಪೈಚುಸುವೊ ಅನ್ನುತ್ತಾರೆ, ಹೋಗಬೇಕು. ಪಾಸ್‌ಪೋರ್ಟ್, ಬಾಡಿಗೆ ಕರಾರು, ಮನೆ ಮಾಲೀಕರ ಗುರುತಿನ ಚೀಟಿ ಮತ್ತು ಮನೆ ಪತ್ರದ ನಕಲು ಜೊತೆಗಿರಲಿ. ಈ ನಕಲು ಕೊಡಲು ಹಿಂದೇಟು ಹಾಕುವ ಮಾಲೀಕರಿದ್ದಾರೆ, ಮುಂಗಡ ಕೊಡುವ ಮೊದಲೇ ಕೇಳಿಬಿಡಿ. ನೋಂದಣಿ ತಪ್ಪಿದರೆ 2000 ಯುವಾನ್‌ವರೆಗೆ ದಂಡ ಹಾಕಬಹುದು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ನೋಂದಣಿ ಚೀಟಿಯಿಲ್ಲದೆ ರೆಸಿಡೆನ್ಸ್ ಪರ್ಮಿಟ್, ಅಂದರೆ ಇಲ್ಲಿ ವಾಸಿಸುವ ಅನುಮತಿಯ ಕೆಲಸ ಮುಂದೆ ಹೋಗುವುದಿಲ್ಲ. ಮನೆ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ಮಾಡಿಸಬೇಕು. ಊರಿಗೆ ಹೋಗಿ ಬಂದಮೇಲೂ ಬೇಕೇ ಎಂದು ನಿಮ್ಮ ಠಾಣೆಯಲ್ಲೇ ಕೇಳಿಕೊಳ್ಳಿ.

ಝಡ್ ವೀಸಾದಲ್ಲಿ, ಅಂದರೆ ಕೆಲಸದ ವೀಸಾದಲ್ಲಿ ಬಂದರೆ 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಅದಕ್ಕೆ ಮುಂಚೆ ವೈದ್ಯಕೀಯ ತಪಾಸಣೆ, ವರ್ಕ್ ಪರ್ಮಿಟ್ ಆಗಬೇಕು. ತಪಾಸಣೆಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ, ರಕ್ತ ತೆಗೆಯುತ್ತಾರೆ. ಇಲ್ಲಿ ಸರದಿ ಮುಖ್ಯ. ಪರ್ಮಿಟ್ ಅರ್ಜಿ ಹಾಕಿದಾಗ ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತಾರೆ, 15 ಕೆಲಸದ ದಿನಗಳವರೆಗೂ ಆಗಬಹುದು. ಫೋಟೊ ಇರುವ ರಸೀದಿ ಕೊಡುತ್ತಾರೆ, ಅದರಲ್ಲಿ ದೇಶದೊಳಗೆ ರೈಲು, ಹೋಟೆಲ್ ನಡೆಯುತ್ತದೆ. ಆದರೆ ಸಿಮ್‌ಗೂ ಬ್ಯಾಂಕಿಗೂ ಮೂಲ ಪಾಸ್‌ಪೋರ್ಟೇ ಬೇಕು. ಆದ್ದರಿಂದ ಸಿಮ್ ಮೊದಲ ದಿನವೇ ಕೊಳ್ಳಿ. ಅರ್ಜಿಗೆ ಮುಂಚೆಯೇ ಬ್ಯಾಂಕಿಗೂ ಒಮ್ಮೆ ಹೋಗಿ ನೋಡಿ. ಚೀನಾ ನಂಬರ್, ಕಂಪನಿಯ ಪತ್ರ, ನಮ್ಮ ಪ್ಯಾನ್ ನಂಬರ್ ಹಿಡಿದುಕೊಂಡಿರಿ, ತೆರಿಗೆ ಸಂಖ್ಯೆ ಕೇಳುತ್ತಾರೆ. ಪರ್ಮಿಟ್ ಬಂದಮೇಲೆ ಬನ್ನಿ ಎಂದರೆ ವಾದ ಬೇಡ, ಅದೇ ಬ್ಯಾಂಕಿನ ಇನ್ನೊಂದು ಶಾಖೆ ಒಪ್ಪಿಕೊಂಡರೂ ಒಪ್ಪಿಕೊಂಡೀತು.

ಅಲ್ಲಿಯವರೆಗೆ ಖರ್ಚಿಗೆ ಅಲಿಪೇಗೆ ಭಾರತದ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಸೇರಿಸಿಕೊಳ್ಳಿ. ರುಪೇ ನೆಚ್ಚಿಕೊಳ್ಳಬೇಡಿ. ವಿದೇಶಿ ವಹಿವಾಟನ್ನು ಬ್ಯಾಂಕ್ ಆ್ಯಪ್‌ನಲ್ಲಿ ಊರಿನಲ್ಲೇ ಆನ್ ಮಾಡಿಕೊಂಡು ಬರಬೇಕು. ಒಂದು ಸಲಕ್ಕೆ 200 ಯುವಾನ್ ದಾಟಿದರೆ ಶೇ 3 ಶುಲ್ಕ ಬೀಳುತ್ತದೆ. ಅಂಗಡಿ, ಮೆಟ್ರೊ ಎಲ್ಲ ಇದರಲ್ಲೇ ನಡೆಯುತ್ತದೆ. ಮೆಟ್ರೊ 2 ಯುವಾನ್‌ನಿಂದ ಶುರು.

ಮನೆಯವರ ಜೊತೆ ಮಾತು: ವಾಟ್ಸ್‌ಆ್ಯಪ್, ಗೂಗಲ್ ಇಲ್ಲಿನ ಸಿಮ್‌ನಲ್ಲಿ ತೆರೆಯುವುದಿಲ್ಲ. ವೀಚಾಟ್ ಭಾರತದಲ್ಲಿ 2020ರ ಜೂನ್‌ನಿಂದ ನಿಷೇಧವಾಗಿರುವುದರಿಂದ ಅಮ್ಮನ ಫೋನಿಗೆ ಅದನ್ನು ಹಾಕಿಕೊಡುವ ಯೋಚನೆ ಬಿಡಿ. ಭಾರತದ ಸಿಮ್‌ನ ರೋಮಿಂಗ್ ಡೇಟಾ ಊರಿನ ಮೊಬೈಲ್ ಕಂಪನಿಯ ಜಾಲದ ಮೂಲಕವೇ ಹೋಗುವುದರಿಂದ ಅದರಲ್ಲಿ ವಾಟ್ಸ್‌ಆ್ಯಪ್ ಬರುತ್ತದೆ, ದುಬಾರಿ ಅಷ್ಟೆ. ಎರಡೂ ಕಡೆ ಐಫೋನ್ ಇದ್ದರೆ ಫೇಸ್‌ಟೈಮ್ ಸಾಮಾನ್ಯವಾಗಿ ಸಿಗುತ್ತದೆ. ಈ ತಡೆ ದಾಟಲು ಬಳಸುವ ವಿಪಿಎನ್ ಅನುಮತಿಯಿಲ್ಲದ್ದಾದರೆ ಇಲ್ಲಿ ಕಾನೂನುಬದ್ಧವಲ್ಲ, ಅದು ನೆನಪಿರಲಿ. ಏನೇ ಆದರೂ ಊರಿನ ನಂಬರ್ ಸಾಯಲು ಬಿಡಬೇಡಿ. ಬ್ಯಾಂಕ್ ಓಟಿಪಿ ಬರುವುದು ಅದಕ್ಕೇ.

ಮನೆಗೆ ಇಲ್ಲಿ ಸಾಮಾನ್ಯವಾಗಿ ಎರಡು ತಿಂಗಳ ಮುಂಗಡ, ಒಂದು ತಿಂಗಳ ಬಾಡಿಗೆ, ಮೇಲೆ ಏಜೆಂಟರಿಗೆ ಸುಮಾರು ಅರ್ಧ ತಿಂಗಳಿನದು. 4000 ಯುವಾನ್ ಬಾಡಿಗೆಯ ಮನೆಗೆ ಕೈಯಲ್ಲಿ 14,000 ಇರಬೇಕು. ಕೆಳಗಿನ ಮಹಡಿಗಳು ಬೇಡ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಚಳಿ ಹಿಂದೆ ಸರಿದು ಸಮುದ್ರದ ತೇವ ಗಾಳಿ ಬಂದಾಗ, ತಣ್ಣಗಿರುವ ಗೋಡೆ, ನೆಲ ಎಲ್ಲ ಬೆವರುತ್ತವೆ. ಗಾಳಿಯಾಡಲಿ ಎಂದು ಕಿಟಕಿ ತೆರೆದರೆ ಇನ್ನೂ ಒದ್ದೆ. ಮುಚ್ಚಿಟ್ಟು ತೇವ ಹೀರುವ ಯಂತ್ರ ಓಡಿಸಬೇಕು, ಇಲ್ಲವಾದರೆ ಬೀರುವಿನಲ್ಲಿರುವ ಬಟ್ಟೆ, ಚಪ್ಪಲಿಗೆ ಬೂಸ್ಟು ಬರುತ್ತದೆ. ಕುಡಿಯಲು ನಲ್ಲಿ ನೀರು ಬೇಡ, 18.9 ಲೀಟರಿನ ಕ್ಯಾನ್ ಮನೆ ಬಾಗಿಲಿಗೇ ಬರುತ್ತದೆ.

ಇನ್ನು ಊಟ. ಈ ಕಡೆಯ ಕ್ಯಾಂಟನ್ ಅಡುಗೆಯಲ್ಲಿ ಸೊಪ್ಪು ತರಕಾರಿ ಬೇಕಾದಷ್ಟಿದೆ, ಆದರೆ 'ಮಾಂಸ ಬೇಡ' ಎಂದರೆ ತುಂಡು ತೆಗೆಯುತ್ತಾರೆ, ಮೂಳೆ ಸಾರು ಉಳಿಯುತ್ತದೆ. ಸೊಪ್ಪಿನ ಮೇಲೆ ಸಿಂಪಿಯಿಂದ ಮಾಡಿದ ಆಯ್ಸ್ಟರ್ ಸಾಸ್ ಹೊಯ್ದಿರುತ್ತಾರೆ. ಮಾಂಸ, ಮೀನು, ಮೊಟ್ಟೆ, ಹಂದಿ ಕೊಬ್ಬು, ಮೂಳೆ ಸಾರು, ಆಯ್ಸ್ಟರ್ ಸಾಸ್ ಯಾವುದೂ ಬೇಡ ಎಂದು ಹೆಸರು ಹಿಡಿದು ಚೀನೀ ಲಿಪಿಯಲ್ಲಿ ಬರೆಸಿ ಫೋನಿನಲ್ಲಿಟ್ಟುಕೊಳ್ಳಿ. ಬೌದ್ಧರ ಸಸ್ಯಾಹಾರಿ ಹೋಟೆಲುಗಳಲ್ಲಿ ಈ ಚಿಂತೆಯಿಲ್ಲ, ಗುವಾಂಗ್‌ಝೌದ ಬೀಜಿಂಗ್ ರಸ್ತೆಯ ದಾಫೊ ದೇವಾಲಯದಲ್ಲೇ ಒಂದಿದೆ. ಮನೆ ಅಡುಗೆಗೆ ಇಲ್ಲಿನ ಗುವಾಂಗ್‌ಡಾಂಗ್‌ ಪ್ರಾಂತ್ಯದ ಉದ್ದ ಕಾಳಿನ 'ಸಿಮಿಯಾವ್' ಅಕ್ಕಿ ಕೊಳ್ಳಿ. ಈಶಾನ್ಯ ಪ್ರಾಂತ್ಯಗಳ ಗುಂಡು ಅಕ್ಕಿ ಅಂಟುತ್ತದೆ, ಸಾರಿಗೆ ಸೇರುವುದಿಲ್ಲ. ಹೀರೆಕಾಯಿ, ಹಾಗಲಕಾಯಿ, ಹರಿವೆ, ಶುಂಠಿ, ಕೊತ್ತಂಬರಿ ಸಂತೆಯಲ್ಲಿ ಸಿಗುತ್ತವೆ. ತೊಗರಿಬೇಳೆ ಟಾವೊಬಾವೊ ಎಂಬ ಆನ್‌ಲೈನ್ ಅಂಗಡಿಯಲ್ಲಿ ತರಿಸಿಕೊಳ್ಳಬಹುದು. ಮೊಸರು ಬಹುಪಾಲು ಸಿಹಿ, ಸಕ್ಕರೆಯಿಲ್ಲದ್ದನ್ನು ಹುಡುಕಿ ತಂದು ಅದರಿಂದಲೇ ಹೆಪ್ಪು ಹಾಕಿಕೊಳ್ಳಿ.

ಸಾರಿನ ಪುಡಿ, ಹುಳಿಪುಡಿ, ಇಂಗು ಪೆಟ್ಟಿಗೆಯಲ್ಲಿ ತನ್ನಿ. ತುಪ್ಪ, ಹಸಿ ಕರಿಬೇವು, ಹಣ್ಣು ಬೇಡ, ಹಾಲಿನ ಪದಾರ್ಥವನ್ನೂ ಹಸಿ ಸೊಪ್ಪು ಹಣ್ಣನ್ನೂ ಕಸ್ಟಮ್ಸ್ ಬಿಡುವುದಿಲ್ಲ. ಮಿಕ್ಸಿ ಧಾರಾಳವಾಗಿ ತನ್ನಿ, ಇಲ್ಲಿ 220 ವೋಲ್ಟ್, 50 ಹರ್ಟ್ಜ್, ನಮ್ಮ 230 ವೋಲ್ಟ್‌ಗೆ ಹತ್ತಿರವೇ. ನಮ್ಮ ಗುಂಡು ಪಿನ್ ಮಾತ್ರ ಕೂರುವುದಿಲ್ಲ, ಅರ್ತ್ ಇರುವ ಚಪ್ಪಟೆ ಮೂರು ಪಿನ್ನಿನ ಅಡಾಪ್ಟರ್ ಬೇಕು. ಇಂಡಕ್ಷನ್ ಒಲೆಯಿರುವ ಮನೆಯಾದರೆ ಸಾದಾ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬಾರದು, ಇಂಡಕ್ಷನ್ ತಳವಿರುವ ಸ್ಟೀಲಿನದೇ ತನ್ನಿ. ಚೀನೀ ಹೊಸ ವರ್ಷದ ಹೊತ್ತಿಗೆ ಎಷ್ಟೋ ಅಂಗಡಿಗಳು ಬಾಗಿಲು ಹಾಕುತ್ತವೆ, ಕೊರಿಯರ್ ನಿಧಾನವಾಗುತ್ತದೆ, ಬೇಳೆ ಅಕ್ಕಿಯನ್ನು ಎರಡು ವಾರ ಮೊದಲೇ ತರಿಸಿಟ್ಟುಕೊಳ್ಳಿ.