ಯುರೋ ಕಪ್‌ಗಿಂತ ಮೊದಲಿನ ಕಪ್

ಪ್ರಶ್ನೆ: ಫುಟ್‌ಬಾಲ್‌ನ ಯುರೋ ಕಪ್‌ನ ಮೊದಲ ಫೈನಲ್ ನಡೆದದ್ದು 1960ರಲ್ಲಿ. ಅದಕ್ಕೂ ಮುಂಚೆ ಯುರೋಪಿನ ದೇಶಗಳು ಸುಮ್ನೆ ಸ್ನೇಹಪರ ಪಂದ್ಯ ಆಡಿಕೊಂಡಿದ್ದವಾ?
– ಕಾಲೇಜು ವಿದ್ಯಾರ್ಥಿ, ಮಡಿಕೇರಿ

ಉತ್ತರ: ಖಂಡಿತ ಇಲ್ಲ. ಬ್ರಿಟನ್ನಿನ ನಾಲ್ಕು ತಂಡಗಳು 1884ರಿಂದಲೇ ತಮ್ಮತಮ್ಮಲ್ಲೇ ಟೂರ್ನಿ ನಡೆಸುತ್ತಿದ್ದವು. ಆದರೆ ನನಗೆ ಜಾಸ್ತಿ ಇಷ್ಟ 1927ರಲ್ಲಿ ಶುರುವಾದ ಮಧ್ಯ ಯುರೋಪಿನ ಕಪ್. ಆಸ್ಟ್ರಿಯಾ ತಂಡದ ಕೋಚ್ ಹ್ಯೂಗೊ ಮೈಸ್ಲ್ ಓಡಾಡಿ ಕಟ್ಟಿದ ಟೂರ್ನಿ ಅದು. ಜೆಕೊಸ್ಲೊವಾಕಿಯಾದ ಪ್ರಧಾನಿ ಶ್ವೆಹ್ಲಾ ಕೊಟ್ಟ ಕಪ್ ಆದ್ದರಿಂದ ಅವರ ಹೆಸರಲ್ಲೂ ಕರೆಯುತ್ತಿದ್ದರು.

ಆಡಿದ್ದು ಐದು ದೇಶ: ಆಸ್ಟ್ರಿಯಾ, ಹಂಗೇರಿ, ಜೆಕೊಸ್ಲೊವಾಕಿಯಾ, ಇಟಲಿ, ಸ್ವಿಟ್ಜರ್ಲೆಂಡ್. ನಾಕೌಟ್ ಅಲ್ಲ, ಲೀಗ್. ಪ್ರತಿ ತಂಡದ ಜೊತೆ ತಮ್ಮೂರಲ್ಲಿ ಒಂದು, ಅವರೂರಲ್ಲಿ ಒಂದು. ಗೆದ್ದರೆ ಎರಡು ಪಾಯಿಂಟ್, ಡ್ರಾ ಆದರೆ ಒಂದು. ಮುಗಿಯಲು 1930 ಆಯಿತು.

ಕೊನೆಯ ಪಂದ್ಯದ ಲೆಕ್ಕ ನೋಡಿ, ಎಂಥ ಬಿಗಿ! 1930ರ ಮೇ 11, ಬುಡಾಪೆಸ್ಟ್. ಹಂಗೇರಿಗೂ ಇಟಲಿಗೂ ತಲಾ 9 ಪಾಯಿಂಟ್. ಆಟ ಮುಗಿಸಿ ಕೂತಿದ್ದ ಆಸ್ಟ್ರಿಯಾ, ಜೆಕೊಸ್ಲೊವಾಕಿಯಾಗಳಿಗೆ ತಲಾ 10. ಯಾರೇ ಗೆದ್ದರೂ ಕಪ್ ಅವರದ್ದೇ. ಡ್ರಾ ಆಗಿದ್ದರೆ ನಾಲ್ಕು ತಂಡಗಳೂ 10ಕ್ಕೆ ಬಂದು ನಿಲ್ಲುತ್ತಿದ್ದವು! ಪಾಪ, ಸ್ವಿಟ್ಜರ್ಲೆಂಡ್ ಮಾತ್ರ ಎಂಟಕ್ಕೆ ಎಂಟೂ ಸೋತಿತ್ತು.

ತವರಿನ ಜನರ ಮುಂದೆ ಹಂಗೇರಿ ಗೆಲ್ಲಬೇಕಿತ್ತು, ಅಲ್ವಾ? ಇಟಲಿ 5–0ಯಿಂದ ಬಡಿದು ಹಾಕಿತು. ಅದರಲ್ಲಿ ಮೂರು ಗೋಲು ಜುಸೆಪ್ಪೆ ಮೆಯಾಟ್ಸಾ ಎಂಬ ಹುಡುಗನದ್ದು. ವಯಸ್ಸು ಇನ್ನೂ 19. ಇವತ್ತು ಮಿಲಾನಿನ ಸ್ಯಾನ್ ಸಿರೊ ಮೈದಾನಕ್ಕೆ ಇರುವುದು ಇದೇ ಮೆಯಾಟ್ಸಾ ಹೆಸರು. ನಾಲ್ಕು ವರ್ಷದ ನಂತರ, 1934ರಲ್ಲಿ, ಬುಡಾಪೆಸ್ಟ್‌ನಲ್ಲೂ ಕೋಚ್ ಆಗಿದ್ದ ವಿಟ್ಟೋರಿಯೊ ಪೊಟ್ಸೊ ಕೈಕೆಳಗೆ ಇಟಲಿ ವಿಶ್ವಕಪ್ಪನ್ನೂ ಗೆದ್ದಿತು. ಆ ತಂಡ ಹದವಾದದ್ದು ಈ ಲೀಗಿನಲ್ಲೇ ಎಂಬುದು ನನ್ನ ಗಟ್ಟಿ ನಂಬಿಕೆ. ಸ್ನೇಹಪರ ಪಂದ್ಯ ಸೋತರೆ ಮರೆತುಬಿಡಬಹುದು. ಇಲ್ಲಿ ಒಂದು ಡ್ರಾ ಕೂಡ ಕೊನೆವರೆಗೂ ಕಾಡುತ್ತಿತ್ತು.

ಎರಡನೇ ಸಲ, 1932ರಲ್ಲಿ, ಕಪ್ ಸಿಂಡೆಲಾರ್ ಆಡುತ್ತಿದ್ದ ಆಸ್ಟ್ರಿಯಾಕ್ಕೆ. ಮೂರನೆಯದು ಮತ್ತೆ ಇಟಲಿಗೆ. ನಾಲ್ಕನೆಯದು ಮುಗಿಯಲೇ ಇಲ್ಲ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನೇ ನುಂಗಿಬಿಟ್ಟ. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಯುದ್ಧ ಮುಗಿದ ಮೇಲೆ ಇನ್ನೆರಡು ಸಲ ನಡೆಯಿತು. 1953ರಲ್ಲಿ ಪುಷ್ಕಾಸ್ ಆಡುತ್ತಿದ್ದ ಹಂಗೇರಿ ರೋಮ್‌ಗೇ ಹೋಗಿ ಇಟಲಿಯನ್ನು 3–0ಯಿಂದ ಸೋಲಿಸಿ ಕಪ್ ಎತ್ತಿತು. 1930ರ ಬಾಕಿ ತೀರಿತು ಅನ್ನಿ. ಕೊನೆಯದನ್ನು ಜೆಕೊಸ್ಲೊವಾಕಿಯಾ ಗೆದ್ದಾಗ ಇಸವಿ 1960. ನೀವು ಹೇಳಿದ ಯುರೋ ಕಪ್ ಫೈನಲ್ ನಡೆದದ್ದೂ ಅದೇ ವರ್ಷ.